ಹದಿನೇಳು ದಿನದ ‘ಇಲ್ಲ’

ಈ ಕಥೆಯಲ್ಲಿ ಪವಾಡ ಗಿವಾಡ ಏನೂ ನಡೆಯುವುದಿಲ್ಲ. ಒಂದು ಹೊಳೆ, ನೀರಿನ ಮಟ್ಟ ಅಳೆಯಲು ಹೊಳೆಯಲ್ಲಿ ನೆಟ್ಟ ಒಂದು ಕಲ್ಲುಕಂಬ, ಒಬ್ಬ ಗುರು, ಒಬ್ಬ ಶಿಷ್ಯ, ಇಷ್ಟೇ. ಶಾವಂತ್ರಿ ಎಂಬ ಹೆಣ್ಣುಮಗಳು ಸತ್ತು ಹೋಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಬದುಕಿ ಬರುತ್ತಾಳೇನೋ ಎಂದು ಯಾರೂ ಕಾಯುವುದು ಬೇಡ.

ಗುರುವಿನ ಹೆಸರು ಕಲ್ಲಿನಾಥ. ಹೊಳೆಗಳನ್ನು ಲೆಕ್ಕದೊಳಗೆ ಇಳಿಸುವುದು ಹೇಗೆ ಎಂದು ನಲವತ್ತು ವರ್ಷ ಕಲಿಸಿದವರು. ನಿವೃತ್ತರಾದ ಮೇಲೆ ಹಳೇಕಡವು ಎಂಬ ಊರಿನ ಹೊಳೆದಂಡೆಯ ಮೇಲೆ, ನೀರಾವರಿಯವರು ಬಿಟ್ಟುಹೋದ ಎರಡು ಕೋಣೆಯ ಕಟ್ಟಡದಲ್ಲಿ ಇದ್ದರು. ಊರವರಿಗೆ ಅವರು ಮಾಸ್ತರು.

ಶಿಷ್ಯ ಇಂದುಧರ. ಆ ಹೊಳೆಗೆ ಕಂಪ್ಯೂಟರಿನಲ್ಲಿ ಒಂದು ಮಾದರಿ ಕಟ್ಟಿದವನು. ಮೇಲೆ ಎಷ್ಟು ಮಳೆ ಬಿತ್ತು, ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು ಎಂದು ಹೇಳಿದರೆ ಸಾಕು, ಹಳೇಕಡವಿನಲ್ಲಿ ನೀರು ಎಷ್ಟು ಅಡಿ ಏರುತ್ತದೆ ಎಂದು ಆ ಮಾದರಿ ಹೇಳುತ್ತಿತ್ತು. ನೂರು ಸಲ ಕೇಳಿದರೆ ತೊಂಬತ್ತೆಂಟು ಸಲ ಸರಿ.

ಉಳಿದ ಎರಡರಲ್ಲಿ ಒಂದು ಸಲ ಶಾವಂತ್ರಿ ಹೋದಳು.

ಹೊಳೆ ಇಳಿದ ಒಂಬತ್ತನೆಯ ದಿನ ಇಂದುಧರ ಗುರುವಿನ ಬಳಿ ಬಂದ. ಕೈಯಲ್ಲಿ ವರದಿ ಇತ್ತು. ಗಡ್ಡ ಬೆಳೆದಿತ್ತು, ಪಾಪ, ನಿದ್ದೆ ಮಾಡಿದ ಮುಖವಲ್ಲ.

“ಸರ್, ಇದಕ್ಕೆ ನಿಮ್ಮ ಸಹಿ ಬೇಕು. ಸಲಹೆಗಾರರು ನೀವು.”

“ಓದು.”

“ಮಾದರಿ ಹದಿನೈದೂವರೆ ಅಡಿ ಎಂದಿತ್ತು. ಗೋಡೆಗಳ ಮೇಲಿನ ಕೆಸರಿನ ಗುರುತು ಹೇಳುವಂತೆ ಬಂದದ್ದು ಇಪ್ಪತ್ತೊಂದು. ಕೆಳಗಿನ ಓಣಿಗೆ ನೀರು ನುಗ್ಗುವುದು ಹದಿನೇಳಕ್ಕೆ. ಹದಿನೈದೂವರೆ ಎಂಬ ಸಂದೇಶ ಫೋನುಗಳಿಗೆ ಹೋದದ್ದರಿಂದ ಓಣಿಯಲ್ಲಿ ಕೆಲವರು ಮನೆ ಬಿಡಲಿಲ್ಲ. ಮೃತರು ಒಬ್ಬರು.”

“ಕಾರಣ?”

ಇಂದುಧರ ಆ ಸಾಲನ್ನು ಬೇಗಬೇಗ ಓದಿದ. “ಹಿಂದಿನ ಅಳತೆಗಾರನು ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಹದಿನೇಳು ದಿನ ಕರ್ತವ್ಯಲೋಪ ಎಸಗಿ ಅಳತೆ ದಾಖಲಿಸದೇ ಇದ್ದುದರಿಂದ, ಮಾದರಿಗೆ ಪೂರ್ಣ ಮಾಹಿತಿ ದೊರೆತಿರಲಿಲ್ಲ.”

“ಅಳತೆಗಾರ ಯಾರು ಗೊತ್ತೇ?”

“ಹುಲಗಪ್ಪ. ತೀರಿಕೊಂಡು ಎರಡು ವರ್ಷ ಆಯಿತು.”

“ಶಾವಂತ್ರಿ ಯಾರ ಮಗಳು?”

ಇಂದುಧರ ನೆಲ ನೋಡಿದ. “ಹುಲಗಪ್ಪನ ಮಗಳು, ಸರ್. ಗೊತ್ತು. ಆ ಸಾಲು ನಾನು ಬರೆದದ್ದಲ್ಲ, ಕಚೇರಿಯವರು ಬರೆದದ್ದು. ಆದರೆ ನನ್ನ ಸಮೀಕರಣಗಳನ್ನು ನಾಲ್ಕು ಸಲ ತಿರುವಿ ಹಾಕಿದ್ದೇನೆ. ತಪ್ಪು ಸಿಗುತ್ತಿಲ್ಲ.”

ನೋಡಿ, ಎಂಥ ಸಾಲು ಅದು! ಅಪ್ಪ ಕೆಲಸಕ್ಕೆ ಚಕ್ಕರ್ ಹೊಡೆದ, ಅದಕ್ಕೆ ಮಗಳು ಸತ್ತಳು ಎಂದಂತಾಯಿತು. ಸತ್ತವನು ಎದ್ದು ಬಂದು ಜಗಳ ಆಡುವುದಿಲ್ಲವಲ್ಲ, ಕಚೇರಿಗೆ ಅದಕ್ಕಿಂತ ಅನುಕೂಲ ಬೇರೆ ಬೇಕೇ.

ಗುರು ಕೇಳಿದರು. “ಆ ಹದಿನೇಳು ದಿನ ಅಳತೆ ಪುಸ್ತಕದಲ್ಲಿ ಏನಿದೆ?”

“‘ಇಲ್ಲ’ ಎಂದಿದೆ. ಅಷ್ಟೇ.”

“ನೀನೇನು ಮಾಡಿದೆ?”

“ಹಿಂದಿನ ದಿನದ ಅಂಕಿ, ಮುಂದಿನ ದಿನದ ಅಂಕಿ ಎರಡನ್ನೂ ಕೂಡಿ ಸರಾಸರಿ ತುಂಬಿದೆ. ಎಲ್ಲರೂ ಹಾಗೇ ಮಾಡುವುದು, ಸರ್. ಹನ್ನೊಂದು ಸಾವಿರ ದಿನಗಳಲ್ಲಿ ಹದಿನೇಳು ಯಾವ ಮೂಲೆಗೆ?”

“ಯಾವ ಯಾವ ದಿನ ಅಂತ ನೋಡಿದೆಯಾ?”

“ಕಂಪ್ಯೂಟರೇ ಹುಡುಕಿ ತುಂಬಿತು.”

ಗುರು ವರದಿಯನ್ನು ಮಡಿಚಿ ಕಿಟಕಿಯ ಮೇಲಿಟ್ಟರು.

“ಮೂರು ದಿನ ಇಲ್ಲಿರು. ಬೆಳಿಗ್ಗೆ ಆರಕ್ಕೆ ಕಂಬ ಓದಿ ಬಾ. ಹುಲಗಪ್ಪ ಬಿಟ್ಟ ಪುಸ್ತಕದಲ್ಲಿ ಇನ್ನೂ ಹಾಳೆಗಳಿವೆ, ಅದರಲ್ಲೇ ಬರೆ. ಆಮೇಲೆ ಸಹಿಯ ಮಾತು.”

“ಸರ್, ಕಚೇರಿಯಲ್ಲಿ ಕಾಯುತ್ತಿದ್ದಾರೆ.”

“ಕಾಯಲಿ. ಶಾವಂತ್ರಿಗೆ ಈಗ ಅವಸರವಿಲ್ಲ.”

ಮೊದಲನೆಯ ಬೆಳಿಗ್ಗೆ ಇಂದುಧರ ಕಡವಿಗೆ ಇಳಿದ. ಹುಲಗಪ್ಪ ಸತ್ತ ಮೇಲೆ ಆ ದಾರಿಯಲ್ಲಿ ಯಾರೂ ಇಳಿದಿರಲಿಲ್ಲ. ಮಾದರಿ ಇದ್ದ ಮೇಲೆ ಆಳು ಯಾಕೆ ಎಂದು ಕಚೇರಿಯವರು ಆ ಹುದ್ದೆಯನ್ನೇ ತೆಗೆದಿದ್ದರು. ಮೆಟ್ಟಿಲುಗಳ ಮೇಲೆ ಕೆಸರು ಕೂತಿತ್ತು. ಕಂಬ ಹದಿನಾರು ಅಡಿಯದು, ಒಂದರಿಂದ ಹದಿನಾರರ ತನಕ ಬಿಳಿ ಬಣ್ಣದ ಅಂಕಿಗಳು.

ಮರಳಿ ಬಂದು ಬರೆದ. ಹನ್ನೊಂದು ಅಡಿ ಮೂರು ಅಂಗುಲ.

“ಕಾಲು ಒದ್ದೆಯಾಯಿತೇ?” ಗುರು ಕೇಳಿದರು.

“ಮೊಣಕಾಲ ತನಕ.”

“ಹಾಗಾದರೆ ಓದಿದ್ದೀಯ.”

ಆ ದಿನ ಮೇಲಿನ ಅಣೆಕಟ್ಟಿನ ಬಾಗಿಲು ಮತ್ತೆ ತೆಗೆದರು ಎಂದು ಸುದ್ದಿ ಬಂತು. ಕೆಳಗಿನ ಓಣಿಯವರು ಹೇಗೂ ದಿಬ್ಬದ ಮೇಲಿನ ಶಾಲೆಯಲ್ಲಿದ್ದರು. ಯಾರಿಗೂ ಭಯವಿರಲಿಲ್ಲ. ಭಯಪಡುವ ಶಕ್ತಿಯೂ ಉಳಿದಿರಲಿಲ್ಲ ಅನ್ನಿ.

ಎರಡನೆಯ ಬೆಳಿಗ್ಗೆ ಮಂಜು ಕವಿದಿತ್ತು. ಇಂದುಧರ ಅರ್ಧ ಮೆಟ್ಟಿಲು ಇಳಿದು ನೋಡಿ ಬಂದ.

“ಹದಿನಾಲ್ಕರ ಆಸುಪಾಸು.”

“ಆಸುಪಾಸು ಅಂತ ಕಂಬದ ಮೇಲೆ ಬರೆದಿದೆಯೇ?”

“ಇಲ್ಲ, ಸರ್.”

“ಕಂಡದ್ದನ್ನು ಬರೆ. ಕಾಣದಿದ್ದರೆ ಮತ್ತೆ ಹೋಗು.”

ಇಂದುಧರ ಮತ್ತೆ ಹೋದ. ಸೊಂಟದ ತನಕ ನೀರಿಗಿಳಿದು, ಕಂಬವನ್ನು ಕೈಯಿಂದ ಒರೆಸಿ, ಓದಿ ಬಂದ. ಹದಿನಾಲ್ಕು ಅಡಿ ಏಳು ಅಂಗುಲ. ಮಾಸ್ತರು ಈ ಒಂದು ಮಾತಿನಲ್ಲಿ ಯಾವತ್ತೂ ಬಿಗಿ. ಆ ಬಿಗಿಯೇ ಒಂದು ಕಾಲದಲ್ಲಿ ಏನು ಮಾಡಿತ್ತು ಎಂಬುದು ಆಗ ಇಂದುಧರನಿಗೆ ಗೊತ್ತಿರಲಿಲ್ಲ.

ಮೂರನೆಯ ಬೆಳಿಗ್ಗೆ ಅವನು ಬರುವುದು ತಡವಾಯಿತು. ಬಂದಾಗ ಕುತ್ತಿಗೆಯ ತನಕ ಒದ್ದೆ. ಹಲ್ಲು ಕಟಕಟ ಎನ್ನುತ್ತಿತ್ತು.

“ಎಷ್ಟು?” ಗುರು ಕೇಳಿದರು.

“ಸರ್, ನೀರು ಹುಣಸೆಮರದ ಬುಡಕ್ಕೆ ಬಂದಿದೆ. ಮೆಟ್ಟಿಲು ಒಂದೂ ಕಾಣುವುದಿಲ್ಲ. ಕಂಬ ಇದ್ದ ಕಡೆ ಸುಳಿ ತಿರುಗುತ್ತಿದೆ. ಮರ ಹಿಡಿದುಕೊಂಡು ಇಣುಕಿ ನೋಡಿದೆ, ಜೀವ ಬಾಯಿಗೆ ಬಂತು.”

“ಅದೆಲ್ಲ ಬೇಡ. ಅಂಕಿ ಹೇಳು.”

“ಅಂಕಿ ಎಲ್ಲಿಂದ ತರಲಿ, ಸರ್? ಕಂಬವೇ ಇಲ್ಲ.”

“ಹಾಗಾದರೆ ಹಾಗೇ ಬರೆ.”

ಇಂದುಧರ ಪುಸ್ತಕ ತೆಗೆದ. ತಾರೀಖು ಬರೆದ. ಬೆಳಿಗ್ಗೆ ಆರು ಎಂದು ಬರೆದ. ಅಂಕಿಯ ಕಾಲಂ ಹೆಬ್ಬೆರಳಿನಷ್ಟು ಅಗಲ, ಅದರಲ್ಲಿ ಹೆಚ್ಚಿಗೆ ಬರೆಯಲು ಜಾಗವಿಲ್ಲ. ಬರೆದ.

ಇಲ್ಲ.

ಪೆನ್ನು ಅಲ್ಲೇ ನಿಂತಿತು. ತೋಳಿನಿಂದ ನೀರು ತೊಟ್ಟಿಕ್ಕಿ ಹಾಳೆ ಒದ್ದೆಯಾಯಿತು.

ಅವನು ಎದ್ದು, ಗೋಡೆಯ ಪಕ್ಕದ ಟ್ರಂಕು ತೆಗೆದ. ಹುಲಗಪ್ಪನ ಉಳಿದ ಮೂವತ್ತು ಪುಸ್ತಕಗಳೂ ಅದರಲ್ಲಿದ್ದವು. ಒದ್ದೆ ಬಟ್ಟೆಯಲ್ಲೇ ನೆಲದ ಮೇಲೆ ಕೂತು ಒಂದೊಂದಾಗಿ ತಿರುವಿದ. ಗುರು ಚಹಾ ಮಾಡಿ ಪಕ್ಕಕ್ಕಿಟ್ಟರು. ಚಹಾ ಆರಿತು. ಮಧ್ಯಾಹ್ನವಾಯಿತು.

“ಸರ್.”

“ಹೇಳು.”

“ಹದಿನೇಳೂ ದಿನ ಮಳೆಗಾಲದ್ದೇ. ಬೇಸಗೆಯಲ್ಲಿ ಒಂದೇ ಒಂದು ‘ಇಲ್ಲ’ ಇಲ್ಲ.”

ಇಂದುಧರ ಇನ್ನೊಂದು ಪುಸ್ತಕ ಬಿಚ್ಚಿದ.

“ಹಿಂದಿನ ದಿನ ಹದಿನೈದೂವರೆ ಇರುತ್ತದೆ. ಆಮೇಲೆ ಎರಡು ದಿನ, ಮೂರು ದಿನ ‘ಇಲ್ಲ’. ಮತ್ತೆ ಹದಿನೈದು ಮುಕ್ಕಾಲು. ನಡುವೆ ಹೊಳೆ ಇಪ್ಪತ್ತು ಅಡಿ ಹತ್ತಿ ಇಳಿದಿರಬೇಕು. ಅವನು ಕಂಬ ಇಲ್ಲ ಅಂದ. ನಾನು ಅವನೇ ಇರಲಿಲ್ಲ ಅಂದುಕೊಂಡೆ. ಆ ಜಾಗಕ್ಕೆಲ್ಲ ಹದಿನೈದೂವರೆ ತುಂಬಿದೆ. ಅಯ್ಯೋ ಸರ್, ನನ್ನ ಮಾದರಿ ಹದಿನಾರರ ಮೇಲೆ ನೀರನ್ನೇ ಕಂಡಿಲ್ಲ. ಅದು ಇಪ್ಪತ್ತೊಂದು ಅಂತ ಎಲ್ಲಿಂದ ಹೇಳೀತು?”

ಅವನು ಅತ್ತ. ಗುರು ಅಳಲು ಬಿಟ್ಟರು.

ಅತ್ತು ಮುಗಿದ ಮೇಲೆ ಮನುಷ್ಯನಿಗೆ ಸಿಟ್ಟು ಬರುತ್ತದೆ. ಇಂದುಧರನಿಗೂ ಬಂತು.

“ಅವನಾದರೂ ಬಿಡಿಸಿ ಬರೆಯಬಾರದಿತ್ತೇ? ಪಕ್ಕದಲ್ಲಿ ಟಿಪ್ಪಣಿಗೆಂದೇ ಷರಾ ಕಾಲಂ ಇತ್ತಲ್ಲ! ಕಂಬ ಮುಳುಗಿದೆ ಎಂದು ಎರಡು ಪದ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು?”

“ಷರಾ ಕಾಲಂ ನೋಡಿದೆಯಾ?”

“ಅಂಕಿಯನ್ನೇ ನೋಡುತ್ತ ಹೋದೆ. ಕಣ್ಣಿಗೆ ಬಿದ್ದಷ್ಟೂ ಷರಾ ಖಾಲಿ.”

“ಮೊದಲನೆಯದರಲ್ಲಿ?”

ಇಂದುಧರ ಮೊದಲನೆಯ ಪುಸ್ತಕವನ್ನು ಹಿಂದಿಗಿಂತ ನಿಧಾನವಾಗಿ ತಿರುವಿದ. ಶ್ರಾವಣದ ಒಂದು ಹಾಳೆಯಲ್ಲಿ ನಿಂತ. ಅಲ್ಲಿ ಷರಾ ಕಾಲಂ ತುಂಬಿ ಅಂಚಿನಾಚೆಗೂ ಅಕ್ಷರ ಹರಿದಿತ್ತು. ಆಗತಾನೇ ಬರೆಯಲು ಕಲಿತವನ ದೊಡ್ಡ ದೊಡ್ಡ ಅಕ್ಷರ.

“ಕಂಬ ಮುಳುಗ್ಯದ. ಹುಣಸಿ ಮರಕ್ಕ ಎರಡ ಮೊಳ ನೀರು. ದುರಗವ್ವನ ಕಟ್ಟಿ ಕಾಣವಲ್ದು. ಓಣ್ಯಾಗ ಸೊಂಟದ ಮಟ. ಮಂದೀನ ಗುಡ್ಡಕ್ಕ ಕಳಿಸೇನಿ.”

ಅದರ ಮೇಲೆ ಅಡ್ಡಡ್ಡ ಕೆಂಪು ಗೆರೆ. ಕೆಳಗೆ ಕೆಂಪು ಶಾಯಿಯಲ್ಲೇ ಬೇರೆಯವರ ಕೈಬರಹ. “ಕಥೆ ಬೇಡ. ಕಂಡ ಅಂಕಿ ಮಾತ್ರ ಬರೆಯತಕ್ಕದ್ದು. ಅಂಕಿ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯತಕ್ಕದ್ದು.”

ಪಕ್ಕದ ಅಂಕಿಯ ಕಾಲಂನಲ್ಲಿ ಮೊದಲನೆಯ ‘ಇಲ್ಲ’ ಇತ್ತು. ಅದೂ ಕೆಂಪು ಶಾಯಿಯದು. ಅದನ್ನು ಹುಲಗಪ್ಪ ಬರೆದಿರಲೇ ಇಲ್ಲ.

“ಇದು ಯಾರ ಸಹಿ, ಸರ್? ಕ. ನಾ. ಅಂತಿದೆ.”

“ನನ್ನದು.”

ಹೊರಗೆ ಹೊಳೆಯ ಸದ್ದು ಕೇಳುತ್ತಿತ್ತು. ಇಂದುಧರ ಗುರುವನ್ನು ನೋಡಿದ, ಪುಸ್ತಕ ನೋಡಿದ, ಮತ್ತೆ ಗುರುವನ್ನು ನೋಡಿದ.

“ನನಗೆ ಆಗ ಮೂವತ್ತನಾಲ್ಕು ವರ್ಷ,” ಗುರು ಹೇಳಿದರು. “ಕಲಿಸುವುದರ ಜೊತೆಗೆ ಈ ಹೊಳೆಯ ಅಳತೆಯೆಲ್ಲ ನನ್ನ ಕೈಕೆಳಗಿತ್ತು. ಸರಕಾರಿ ಪುಸ್ತಕದಲ್ಲಿ ಹುಣಸೆಮರ, ದುರಗವ್ವನ ಕಟ್ಟೆ ನೋಡಿ ನಗು ಬಂತು. ನಾಲ್ಕು ಜನರ ಎದುರು ಓದಿ ನಗಿಸಿದೆ. ಆಮೇಲೆ ಬೈದೆ. ಅವನು ತಲೆ ತಗ್ಗಿಸಿ, ಆಗಲಿ ಸಾಹೇಬ್ರ, ಎಂದ. ಮೂವತ್ತೊಂದು ವರ್ಷದಲ್ಲಿ ಮತ್ತೊಮ್ಮೆ ಷರಾ ಬರೆಯಲಿಲ್ಲ. ಅಷ್ಟು ವಿಧೇಯ ಮನುಷ್ಯನನ್ನು ನಾನು ನೋಡಿಲ್ಲ.”

“ನಿಮಗೆ ಗೊತ್ತಿತ್ತು!” ಇಂದುಧರ ಕೂಗಿಬಿಟ್ಟ. ಗುರುವಿನ ಎದುರು ಅವನು ದನಿ ಏರಿಸಿದ್ದು ಅದೇ ಮೊದಲು. “ನಾನು ಅಂಕಿ ತುಂಬಿದ ಫೈಲು ತಂದು ತೋರಿಸಿದಾಗ ನೀವು ಭೇಷ್ ಎಂದಿರಿ.”

“ಎಂದೆ. ಮೂವತ್ತೊಂದು ವರ್ಷದಲ್ಲಿ ಒಂದೂ ಖಾಲಿ ಇಲ್ಲ, ಭೇಷ್ ಎಂದೆ. ಒಂದೂ ಖಾಲಿ ಇಲ್ಲದ್ದನ್ನು ಕಂಡೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಮರೆತಿದ್ದೆ, ತಮ್ಮಾ. ಬೈದವರಿಗೆ ಮರೆಯುವುದು ಸುಲಭ.”

“ಹೋಗಲಿ, ಮೊನ್ನೆ ವರದಿ ಓದಿದಾಗ ನೆನಪಾಯಿತಲ್ಲ? ಆಗಲೇ ಹೇಳಬಹುದಿತ್ತು. ಮೂರು ದಿನ ನನ್ನನ್ನು ಯಾಕೆ ನೀರಿಗಿಳಿಸಿದಿರಿ?”

“ಕಲಿಸಲು ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಬಾಯಿ ಬಿಡಲು ನನಗೂ ಮೂರು ದಿನ ಬೇಕಾಯಿತು.”

ಗುರುಗಳೂ ಹೆದರುತ್ತಾರೆ. ಅದನ್ನು ಯಾರೂ ಬರೆದಿಡುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಕಲ್ಲಿನಾಥರು ಕಿಟಕಿಯ ಮೇಲಿನ ವರದಿಯನ್ನು ತೆಗೆದುಕೊಂಡರು. ಕರ್ತವ್ಯಲೋಪದ ಸಾಲನ್ನು ಹೊಡೆದುಹಾಕಿದರು. ಅದರ ಕೆಳಗೆ ಬರೆದರು.

“ಅಳತೆಗಾರನು ಹದಿನೇಳೂ ದಿನ ಹಾಜರಿದ್ದನು. ಕಂಬ ಮುಳುಗಿತ್ತು. ಅದನ್ನು ಬರೆಯದಂತೆ ಅವನನ್ನು ತಡೆದವನು ನಾನು.”

ಸಹಿ ಹಾಕಿ ಪೆನ್ನನ್ನು ಶಿಷ್ಯನಿಗೆ ಕೊಟ್ಟರು. ಇಂದುಧರ ವರದಿಯನ್ನು ಮೊಣಕಾಲ ಮೇಲಿಟ್ಟುಕೊಂಡ. ಇದನ್ನು ಬರೆದರೆ ಮಾದರಿ ಹೋಗುತ್ತದೆ, ಕೆಲಸ ಹೋಗುತ್ತದೆ, ಎಂಟು ವರ್ಷದ ದುಡಿಮೆ ಹೋಗುತ್ತದೆ. ಅವನಿಗೂ ಮನೆ ಮಠ ಇದೆ. ಕೊನೆಗೆ ಬರೆದ.

“ಅವನು ಬರೆದಿದ್ದ ‘ಇಲ್ಲ’ ಎಂಬ ಆ ಒಂದು ಪದವನ್ನೂ ಅಳಿಸಿ, ಸುಳ್ಳು ಅಂಕಿ ತುಂಬಿದವನು ನಾನು.”

“ನಡಿ,” ಗುರು ಹೇಳಿದರು. “ಕಚೇರಿಗಿಂತ ಮೊದಲು ಹೇಳಬೇಕಾದವರು ಇದ್ದಾರೆ.”

ದಿಬ್ಬದ ಶಾಲೆಯ ಜಗಲಿಯಲ್ಲಿ ಹುಲಗಪ್ಪನ ಹೆಂಡತಿ ನೀಲವ್ವ ಕೂತಿದ್ದಳು. ಪಕ್ಕದಲ್ಲಿ ಒಂದು ಆಡು ಕಟ್ಟಿತ್ತು. ಎದ್ದು ನಿಲ್ಲಲು ಹೋದವಳನ್ನು ಮಾಸ್ತರು ಕೂರಿಸಿ, ತಾವೂ ನೆಲದ ಮೇಲೆ ಕೂತರು.

ಅವಳೇ ಮೊದಲು ಕೇಳಿದಳು. “ಮಾಸ್ತರ, ನಮ್ಮ ಮನ್ಯಾವ್ರು ಕೆಲಸಕ್ಕ ಹೋಗಲಿಲ್ಲಂತ ಮಗಳು ಸತ್ಲಂತ. ಮಂದಿ ಅಂತಾರ. ಖರೇ ಏನ್ರಿ?”

“ಸುಳ್ಳು, ನೀಲವ್ವ.”

“ಜರ ಬಂದಾಗೂ ಹೋಗ್ಯಾರ್ರಿ ಅವ್ರು. ಹೊಳಿ ಬಂದ ದಿನ ಕೊಳ್ಳಮಟ ತೊಯ್ಸಕೊಂಡ ಬರ್ತಿದ್ರು. ಬಂದು, ಏಳ್ರಿ, ಕಂಬ ಇಲ್ಲ, ಅಂತಿದ್ರು. ಅವ್ರ ಬಾಯಾಗ ಇಲ್ಲ ಅನ್ನೂದ ತಡ, ಇಡೀ ಓಣಿ ಗುಡ್ಡ ಹತ್ತತಿತ್ತು.”

ಇಂದುಧರ ಮುಖ ಮುಚ್ಚಿಕೊಂಡ.

“ಈ ಸಲ ನಾ ಹೇಳಿದ್ನಿ, ನಡಿ ಶಾವಂತ್ರಿ, ಹೊಳಿ ದನಿ ಬ್ಯಾರೆ ಐತಿ ಅಂದ್ನಿ. ಅಕಿ ಫೋನ್ ತಗದು ಓದಿದ್ಲು. ಹದಿನೈದೂವರಿ ಅಂತ ಐತಿ ಯವ್ವಾ, ಸುಮ್ನಿರು, ಎರಡ ಜಂಪರ ಹೊಲದ ಬರ್ತೀನಿ, ನೀ ಆಡ ಹಿಡ್ಕೊಂಡ ಮುಂದ ನಡಿ, ಅಂದ್ಲು. ನಾ ನಡದ್ನಿ.” ಅವಳು ಆಡಿನ ಕೊರಳಿನ ಹಗ್ಗವನ್ನು ಎಳೆದು ಬಿಗಿ ಮಾಡಿದಳು. “ನನಗ ಓದಾಕ ಬರೂದಿಲ್ಲ, ನಾ ಉಳದ್ನಿ.”

ಇಬ್ಬರೂ ಹೇಳಬೇಕಾದ್ದನ್ನು ಹೇಳಿದರು. ಗುರು ಕೆಂಪು ಶಾಯಿಯದನ್ನು ಹೇಳಿದರು, ಶಿಷ್ಯ ಸರಾಸರಿಯದನ್ನು ಹೇಳಿದ. ಸರಾಸರಿ ಎಂದರೇನು ಎಂದು ಅವಳಿಗೆ ಎರಡು ಸಲ ಹೇಳಬೇಕಾಯಿತು.

ನೀಲವ್ವ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವರಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. “ಆ ಬುಕ್ಕ ತೋರಸ್ರಿ,” ಎಂದಳು.

ಇಂದುಧರ ನಂತರದ ವರ್ಷದ ಒಂದು ಪುಸ್ತಕ ತಂದಿದ್ದ. ತೆಗೆದು ತೋರಿಸಿದ.

“ಇಲ್ಲ ಅಂತ ಅವ್ರು ಬರದದ್ದ ಎಲ್ಲೈತಿ?”

ಅವಳ ಬೆರಳನ್ನು ಹಿಡಿದು ಅಕ್ಷರದ ಮೇಲೆ ಇಟ್ಟ.

“ಇಷ್ಟ ಸಣ್ಣದಾ?” ಎಂದಳು. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

ಆಮೇಲೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ಇದು ನನ್ನ ಹಂತ್ಯಾಕ ಇರಲಿ. ನೀವು ಹೋಗ್ರಿ,” ಎಂದಳು.



ದಿಬ್ಬ ಇಳಿದು ದಂಡೆಗೆ ಬಂದರು. ನೀರು ಹುಣಸೆಮರದ ಬುಡ ದಾಟಿ ಮೇಲೆ ಏರಿತ್ತು. ಕಂಬ ಇದ್ದ ಕಡೆ ಸುಳಿ ಇನ್ನೂ ತಿರುಗುತ್ತಿತ್ತು. ಇಂದುಧರ ಅಲ್ಲೇ ಕಲ್ಲಿನ ಮೇಲೆ ಕೂತು, ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಹದಿನೇಳು ದಿನವನ್ನೂ ಒಂದೊಂದಾಗಿ ಹುಡುಕಿ, ತಾನು ತುಂಬಿದ್ದ ಅಂಕಿಗಳನ್ನು ತೆಗೆದುಹಾಕಿದ. ತೆಗೆಯುವಾಗ ಪ್ರತಿ ತಾರೀಖನ್ನೂ ಬಾಯಿಬಿಟ್ಟು ಓದಿದ.

ಮುಗಿದ ಮೇಲೆ ಕೇಳಿದ.

“ಸರ್, ನಾನು ಉಳಿಯಲಿ ಬಿಡಲಿ, ನಾಳೆ ಯಾರೋ ಒಬ್ಬರು ಈ ಫೈಲಿನಿಂದಲೇ ಮತ್ತೆ ಮಾದರಿ ಕಟ್ಟುತ್ತಾರೆ. ಈಗ ಹದಿನೇಳು ಜಾಗ ಖಾಲಿ ಬಿದ್ದಿವೆ. ಅಲ್ಲಿ ಏನು ತುಂಬಲಿ?”

ಗುರು ಹೊಳೆಯನ್ನು ನೋಡುತ್ತಿದ್ದರು.

“ಏನೂ ತುಂಬಬೇಡ, ತಮ್ಮಾ. ಅದು ತುಂಬಿಯೇ ಇದೆ.”